ಕರಟದ ಇದ್ದಿಲು ಮತ್ತು ನನ್ನ ಕ್ಯಾಪ್ ಹಲ್ಲು

ಅಕ್ಕನ ಮಗಳಿಗೆ ಗಂಡು ಗೊತ್ತಾದ ದಿನ ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಅದರಲ್ಲಿ ನಾನೂ ಅಕ್ಕನೂ ಒಟ್ಟಿಗೆ ನಿಂತು ನಗುತ್ತಿದ್ದೆವು. ಅಕ್ಕ ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಇವು ನಮ್ಮ ಹಲ್ಲಾ?" ಅಂದಳು.

ನಮ್ಮವೇ. ಅವಳಿಗೆ ಶೆಟ್ಟಿಕೆರೆಯ ಮನೆಯಲ್ಲಿ ಊಟವಾದ ಕೂಡಲೇ ಎಲೆ ಅಡಿಕೆ ಬೇಕು. ತಿಪಟೂರಿನಲ್ಲಿ ಮೇಷ್ಟ್ರಿಕೆ ಮಾಡುವ ನನಗೆ ಪೀರಿಯಡ್ಡಿಗೊಂದು ಕಾಫಿ ಬೇಕು.

"ನಡಿ ಅಕ್ಕ, ಹಲ್ಲಿನ ಡಾಕ್ಟರ ಹತ್ರ ಬೆಳ್ಳಗೆ ಮಾಡಿಸ್ಕೊಳ್ಳೋಣ," ಅಂದೆ.

"ಸುಮ್ನಿರು ಕಣೇ. ಕೊಟ್ಟಿಗೆ ಪಕ್ಕ ಕರಟ ರಾಶಿ ಬಿದ್ದೈತೆ. ಸುಟ್ಟು ಇದ್ದಿಲು ಮಾಡಿ ಉಜ್ಜಿದ್ರೆ ಆಯ್ತು. ಅಜ್ಜಿ ಹಲ್ಲು ಹೆಂಗಿದ್ವು, ನೋಡಿರ್ಲಿಲ್ವಾ?"

"ನಾನು ನೋಡೋ ಹೊತ್ತಿಗೆ ಅಜ್ಜಿಗೆ ಹಲ್ಲೇ ಇರ್ಲಿಲ್ಲ."

"ಇದ್ದಾಗ ಬೆಳ್ಳಗಿದ್ವು."

ಹಾಗಾಗಿ ಅಕ್ಕ ಕರಟ ಸುಟ್ಟಳು, ನಾನು ಡಾಕ್ಟರ ಹತ್ತಿರ ಹೋದೆ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಹಲ್ಲಿನ ಅಚ್ಚು ತೆಗೆದು ಟ್ರೇ ಮಾಡಿಕೊಡುತ್ತೇನೆ, ಮನೆಯಲ್ಲೇ ಜೆಲ್ ತುಂಬಿ ಹಾಕಿಕೊಳ್ಳಿ, ನಿಧಾನವಾಗಿ ಬೆಳ್ಳಗಾಗುತ್ತದೆ ಅಂದಳು. ಇಲ್ಲವಾದರೆ ಇಲ್ಲೇ ಕುರ್ಚಿಯಲ್ಲಿ ಒಂದೇ ಸಲಕ್ಕೆ ಮುಗಿಸಬಹುದು. ಮುಂದಿನ ಭಾನುವಾರವೇ ಬೀಗರ ಮನೆಯಲ್ಲಿ ಮದುವೆ ಮಾತುಕತೆ ಇತ್ತು. ಕುರ್ಚಿಯೇ ಸರಿ ಅಂದೆ.

"ಒಂದು ವಿಷಯ ಮೇಡಂ. ನಿಮ್ಮ ಮುಂದಿನ ಕ್ಯಾಪ್ ಹಲ್ಲಿನ ಬಣ್ಣ ಬದಲಾಗಲ್ಲ. ಆಮೇಲೆ ಹೊಸದು ಹಾಕಬೇಕಾಗುತ್ತೆ."

ಕೊಬ್ಬರಿ ಕಡಿಯಲು ಹೋಗಿ ಮುರಿದುಕೊಂಡಿದ್ದ ಹಲ್ಲು ಅದು. ಆಮೇಲೆ ನೋಡಿದರಾಯಿತು ಅಂದುಕೊಂಡು ಬಾಯಿ ತೆರೆದೆ. ಎಲ್ಲ ಮುಗಿದು ಕನ್ನಡಿ ಕೊಟ್ಟಾಗ ನೋಡುತ್ತೇನೆ: ಸುತ್ತ ಹಲ್ಲುಗಳೆಲ್ಲ ಹಸಿ ಕಾಯಿ ಹೋಳಿನಂತೆ ಬೆಳ್ಳಗೆ, ನಟ್ಟನಡುವೆ ಒಂದು ಮುಸುಕಿನ ಜೋಳದ ಕಾಳು. ಬಣ್ಣ ಒಂದು ಹದಕ್ಕೆ ನಿಲ್ಲುವವರೆಗೆ ಹೊಸ ಕ್ಯಾಪ್ ಹಾಕುವಂತಿಲ್ಲವಂತೆ. ಅಲ್ಲಿಯವರೆಗೆ ಬಿಳಿ ಬಟ್ಟೆಗೆ ಕಲೆ ಹತ್ತುವ ಯಾವುದನ್ನೂ ಬಾಯಿಗೆ ಹಾಕಬಾರದಂತೆ. ಮುದ್ದೆ, ಹುಳಿ, ಕಾಫಿ ಮೂರೂ ಬಂದ್. "ಕಾಯಿ ತಿನ್ನು, ತೋಟದಲ್ಲಿ ಬೇಕಾದಷ್ಟು ಬಿದ್ದವೆ," ಅಂದರು ನಮ್ಮ ಮನೆಯವರು, ನನ್ನೆದುರೇ ಮುದ್ದೆ ಮುರಿಯುತ್ತಾ.

ಶನಿವಾರ ಅಕ್ಕ ಫೋನ್ ಮಾಡಿದಳು. ದನಿ ಹಲ್ಲಿನ ಸಂದಿಯಿಂದ ನುಸುಳಿ ಬರುತ್ತಿತ್ತು. ಇದ್ದಿಲಲ್ಲಿ ಬೇಗ ಬೆಳ್ಳಗಾಗಲಿಲ್ಲವೆಂದು ಪಕ್ಕದ ಮನೆಯವಳ ಮಾತು ಕೇಳಿ ನಿಂಬೆರಸಕ್ಕೆ ಅಡುಗೆ ಸೋಡ ಕಲಸಿ ಉಜ್ಜಿದ್ದಳು.

"ಗಾಳಿ ಎಳ್ಕೊಂಡ್ರೂ ಝುಂ ಅಂತಾವೆ ಕಣೇ. ವಸಡೆಲ್ಲ ಕಾಡಿಗೆ ತೀಡ್ದಂಗೆ ಆಗೈತೆ."

ಭಾನುವಾರ ಭಾವನ ಕಾರಿನಲ್ಲಿ ಅರಳಗುಪ್ಪೆಯ ಬೀಗರ ಮನೆಗೆ ಹೊರಟೆವು. ಬೀಗರಿಗೆ ಮದುವೆ ಹಾಸನದಲ್ಲೇ ಆಗಬೇಕು, ಡಿಜೆಯೂ ಬೇಕು; ನಮಗೆ ತಿಪಟೂರಿನಲ್ಲಿ, ಡಿಜೆ ಇಲ್ಲದೆ. ಭಾವ ದಾರಿಯುದ್ದಕ್ಕೂ ವಾದ ಅಭ್ಯಾಸ ಮಾಡಿದರು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ತುಟಿ ಬಿಗಿದು ಕೂತಿದ್ದೆವು.

ಬೀಗಿತ್ತಿ ಕಾಫಿ ತಂದರು. ನಾನು ಬೇಡವೆಂದು ಕೈಯಾಡಿಸಿದೆ. ಅಕ್ಕನಿಗೆ ಬಿಸಿಯೂ ಆಗದು, ಅವಳೂ ಕೈಯಾಡಿಸಿದಳು. ತಣ್ಣನೆಯ ಪಾನಕ ಬಂತು. ಅಕ್ಕ ಅದನ್ನು ಕಂಡೇ ಮುಖ ಹಿಂಡಿದಳು. ಎಲೆ ಹಾಕಿ ಒಬ್ಬಟ್ಟು, ಒಬ್ಬಟ್ಟಿನ ಸಾರು ಬಡಿಸಿದರು. ನಾನು ಅನ್ನ ಮೊಸರು ಮಾತ್ರ ತಿಂದೆ, ಅಕ್ಕ ಒಬ್ಬಟ್ಟಿನ ಅಂಚು ಮುರಿದು, ತಿನ್ನದೆ ಬಿಟ್ಟಳು.

"ಏನಾದ್ರೂ ಬೇಜಾರಾಯ್ತಾ ಬೀಗ್ರೇ?" ಅಂತ ಬೀಗಿತ್ತಿ ಮೆಲ್ಲಗೆ ಕೇಳಿದರು.

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಬಾಯಿ ಬಿಗಿದು ತಲೆಯಾಡಿಸಿದರೆ ಅದು ಸಿಟ್ಟಿನಂತೆಯೇ ಕಾಣುತ್ತದೆ. ಬೀಗರು ಗಂಡ ಹೆಂಡತಿ ಒಳಗೆ ಹೋಗಿ ಪಿಸುಪಿಸು ಮಾತಾಡಿ ಬಂದರು.

"ಹಾಸನವೇ ಆಗ್ಬೇಕು ಅಂತ ನಮಗೇನೂ ಹಟ ಇಲ್ಲ," ಅಂದರು ಬೀಗರು. "ತಿಪಟೂರಲ್ಲೇ ಮಾಡಾಣ."

ಅಕ್ಕ ತುಟಿ ಇನ್ನಷ್ಟು ಬಿಗಿದಳು.

"ಡಿಜೆನೂ ಬೇಡ ಬುಡಿ."

ಅಭ್ಯಾಸ ಮಾಡಿದ ಮಾತೆಲ್ಲ ಹಾಳಾಯಿತಲ್ಲ ಎಂಬ ಸಂಕಟಕ್ಕೋ ಏನೋ, ಭಾವ "ಹಂಗೆ ನೋಡಿದ್ರೆ ಹಾಸನವೂ..." ಅಂತ ಶುರುಮಾಡಿದರು. ಅಕ್ಕ ಅವರ ಕಾಲು ತುಳಿದಳು.

ಹೊರಡುವಾಗ ಬೀಗಿತ್ತಿ ಎಲೆ ಅಡಿಕೆ ಕೊಟ್ಟರು. ಇದ್ದಿಲು ಉಜ್ಜಲು ಶುರುಮಾಡಿದಾಗಿನಿಂದ ಅದನ್ನು ಬಿಟ್ಟಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದಳು. ಕಪ್ಪು ವಸಡು ಕಂಡು ಬೀಗಿತ್ತಿ, "ಇದೇನ್ರೀ ಇದು?" ಅಂದರು. ನನಗೆ ನಗು ಒತ್ತರಿಸಿ ಬಂತು. ಅವರ ಕಣ್ಣು ಅಕ್ಕನ ವಸಡಿನಿಂದ ನನ್ನ ಜೋಳದ ಕಾಳಿಗೆ ಬಂತು. ವಿಷಯ ತಿಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೇ ಕೂತುಬಿಟ್ಟರು.

"ಒಬ್ಬಟ್ಟಿಗೆ ಸಕ್ಕರೆ ಬದ್ಲು ಉಪ್ಪು ಹಾಕ್ದೆ ಅಂದ್ಕೊಂಡಿದ್ದೆ ಕಣ್ರೀ."

"ಹಂಗಾದ್ರೆ ಹಾಸನದ ಛತ್ರ..." ಅಂದರು ಬೀಗರು.

"ತಿಪಟೂರು," ಅಂದಳು ಅಕ್ಕ, ಝುಂ ಅಂದರೂ ಬಾಯಿ ತುಂಬ.

ಮರುವಾರ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಚೆನ್ನಾಗಿ ಬೈದು, ಝುಂ ಅನ್ನುವುದಕ್ಕೆ ಪೇಸ್ಟ್ ಕೊಟ್ಟಳು. ತಮ್ಮ ಹಲ್ಲೂ ಬೆಳ್ಳಗಾಗಲೆಂದು ಜೊತೆಗೆ ಬಂದ ಬೀಗಿತ್ತಿ, ಮನೆಯಲ್ಲಿ ಹಾಕಿಕೊಳ್ಳುವ ಟ್ರೇಯನ್ನೇ ಆರಿಸಿಕೊಂಡರು. ಅದನ್ನು ಬಾಯಲ್ಲಿಟ್ಟುಕೊಂಡೇ ನನಗೆ ಫೋನ್ ಮಾಡಿ ಮದುವೆ ಅಡುಗೆಯ ವಿಚಾರ ಮಾತಾಡುತ್ತಿದ್ದರು. ಅರ್ಧ ತಿಳಿಯುತ್ತಿರಲಿಲ್ಲ. ಎಲ್ಲದಕ್ಕೂ "ಆಗ್ಲಿ" ಅನ್ನುತ್ತಿದ್ದೆ.

ಮದುವೆಯ ದಿನ ಎಲೆಗೆ ಮೂರು ಥರದ ಪಾಯಸ ಬಂತು. ಯಾರು ಹೇಳಿದ್ದು ಅಂತ ಭಾವ ಪಂಕ್ತಿಯುದ್ದಕ್ಕೂ ಕೇಳಿಕೊಂಡು ಓಡಾಡಿದರು. ನಾನು ಮೂರನೆಯದನ್ನೂ ಹಾಕಿಸಿಕೊಂಡೆ.