ಗ್ರೆಗರಿ ಪೋಪರ ಮೂವತ್ತು ಪೂಜೆ

ಅಮ್ಮ ಮಂಗಳೂರಿನಲ್ಲಿ ತೀರಿಕೊಂಡಾಗ ಕೊರೋನಾದಿಂದಾಗಿ ವಿಮಾನಗಳಿರಲಿಲ್ಲ. ಹೊರದೇಶದ ಪುಚೊಂಗ್ ಊರಿನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಅಂತ್ಯಸಂಸ್ಕಾರ ನೋಡಿದೆ. ಅಲ್ಲಿ ಫೋನ್ ಹಿಡಿದಿದ್ದ ಅಣ್ಣ ಅದನ್ನು ಮತ್ತೆ ಮತ್ತೆ ಕೆಳಗಿಳಿಸುತ್ತಿದ್ದ. ಹೆಚ್ಚು ಹೊತ್ತು ಕಂಡದ್ದು ಇಗರ್ಜಿಯ ನೆಲ ಮತ್ತು ಯಾರದೋ ಚಪ್ಪಲಿ. ಮಣ್ಣು ಹಾಕುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಮಗಳಾಗಿ ನಾನು ಮಾಡಿಸಬಹುದಾದದ್ದು ಇನ್ನು ಒಂದೇ ಉಳಿದಿತ್ತು: ಗ್ರೆಗರಿಯ ಮೂವತ್ತು ಪೂಜೆ. ತೀರಿಕೊಂಡವರ ಆತ್ಮಕ್ಕಾಗಿ ದಿನಕ್ಕೊಂದರಂತೆ ಮೂವತ್ತು ದಿನ ಇಗರ್ಜಿಯಲ್ಲಿ ಬಲಿಪೂಜೆ, ಅಂದರೆ ಮಾಸ್, ಅರ್ಪಿಸುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಸಾವಿರದ ನಾನೂರು ವರ್ಷ ಹಿಂದಿನ ಒಬ್ಬ ಪೋಪರ ಹೆಸರು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳೆತ್ತಿ ಹೇಳಿದ್ದರು, “ಒಂದು ದಿನ ತಪ್ಪಿದರೂ ಹಿಂದಿನದ್ದೆಲ್ಲ ವ್ಯರ್ಥ. ಪುನಃ ಒಂದರಿಂದ.” ಆ ಬೆರಳು ನನಗೆ ಇಂದಿಗೂ ಕಾಣುತ್ತದೆ.

ಊರಿನ ವಯಸ್ಸಾದ ಫಾದರ್ ಒಪ್ಪಿಕೊಂಡರು. ಅವರು ಒಂದು ಕಾಲದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಕೊಂಕಣಿ ಮನೆಯವಳಾದ ನನ್ನೊಂದಿಗೂ ಅವರದು ಕನ್ನಡದಲ್ಲೇ ಮಾತು. ಬೆಳಿಗ್ಗೆ ಪೂಜೆ ಮುಗಿಸಿ ‘ಒಂದು ಆಯಿತು’, ‘ಎರಡು ಆಯಿತು’ ಎಂದು ಬರೆದು ಕಳಿಸುತ್ತಿದ್ದರು. ಇಲ್ಲಿ ಆಗ ಒಂಬತ್ತೂವರೆ. ನಾನು ಫ್ರಿಜ್ಜಿನ ಬಾಗಿಲಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗೀಟು ಹಾಕುತ್ತಿದ್ದೆ.

ಎದುರು ಮನೆಯ ಮೈಸೂರಿನವರು ಕರಿಬೇವು ಕೊಡಲು ಬಂದವರು, ಮಾಸ್ಕ್ ಸರಿ ಮಾಡಿಕೊಳ್ಳುತ್ತ ಬಾಗಿಲಿನಿಂದಲೇ ಇಣುಕಿದರು. “ಏನ್ರೀ ಅದು, ಪೇಪರಿನೋನ ಲೆಕ್ಕಾನಾ?”

ಹೇಳಿದೆ.

“ಗ್ರೆಗರಿ ಅಂದ್ರೆ ಈ ಕ್ಯಾಲೆಂಡರ್ ಮಾಡಿದೋರೇ ಅಲ್ವೇನ್ರೀ?”

“ಅವರು ಬೇರೆ ಗ್ರೆಗರಿ. ಇಬ್ಬರ ನಡುವೆ ಸುಮಾರು ಸಾವಿರ ವರ್ಷ.”

“ಅಬ್ಬಾ, ನಿಮ್ಮಲ್ಲೂ ಒಂದೇ ಹೆಸರು ಇಟ್ಕೊಂಡೋರು ಅಷ್ಟು ಜನಾನಾ!” ನಕ್ಕರು. ಮತ್ತೆ ತಗ್ಗಿದ ದನಿಯಲ್ಲಿ, “ನಮ್ಮ ಮಾವಂದು ಹದಿಮೂರು ದಿನದ್ದು ಕೊರೋನಾ ಅಂತ ಮೂರೇ ದಿನಕ್ಕೆ ಮುಗಿಸಿಬಿಟ್ರು ಕಣ್ರೀ. ನಿಮ್ಮಮ್ಮಂದಾದ್ರೂ ಮೂವತ್ತೂ ಆಗ್ಲಿ,” ಎಂದರು.

ಹತ್ತೊಂಬತ್ತನೆಯ ದಿನ ಸಂದೇಶ ಬರಲಿಲ್ಲ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅಣ್ಣನಿಗೆ ಫೋನ್ ಮಾಡಿದೆ. ಫಾದರಿಗೆ ಪಾಸಿಟಿವ್, ನಿನ್ನೆ ಸಂಜೆಯೇ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. “ಹಾಗಾದರೆ ಇವತ್ತಿನ ಪೂಜೆ?” ಎಂದು ನಾನು ಕೇಳಿದೆ.

ಊಟದ ಮೇಜಿನಲ್ಲಿ ಆನ್‌ಲೈನ್ ಕ್ಲಾಸಿನಲ್ಲಿದ್ದ ಮಗಳು ಹೆಡ್‌ಫೋನ್ ತೆಗೆದು ಇಲ್ಲಿನವರ ಇಂಗ್ಲಿಷಿನಲ್ಲಿ ಹೇಳಿದಳು. “ಮಮ್ಮಿ, ಯು ನೆವರ್ ಆಸ್ಕ್ ಫಾದರ್ ಓಕೆ ಆರ್ ನಾಟ್ ಲಾ.”

ಹದಿಮೂರು ವರ್ಷದ ಹುಡುಗಿ. ನನ್ನ ಮುಖ ಬಿಸಿಯಾಯಿತು.

ಆಮೇಲಿನ ದಿನಗಳಲ್ಲಿ ಜಪಸರ ಹಿಡಿದರೆ ಎರಡು ಪ್ರಾರ್ಥನೆಗಳು ಒಂದಕ್ಕೊಂದು ತಾಗುತ್ತಿದ್ದವು. ಫಾದರ್ ಉಳಿಯಲಿ ಎನ್ನುವುದು ಒಂದು. ಅಮ್ಮನ ಹದಿನೆಂಟು ನೀರುಪಾಲಾಗದಿರಲಿ ಎನ್ನುವುದು ಇನ್ನೊಂದು. ಬೇರೆ ಯಾರಿಂದಲಾದರೂ ಒಂದರಿಂದ ಶುರು ಮಾಡಿಸೋಣವೆಂದರೆ, ಹಾಸಿಗೆಯಲ್ಲಿರುವವರನ್ನು ಸತ್ತವರ ಸಾಲಿಗೆ ಸೇರಿಸಿದಂತೆ ಅನಿಸಿ ಮನಸ್ಸು ಒಪ್ಪಲಿಲ್ಲ. ಪೂಜೆ ನಿಂತ ನಾಲ್ಕನೆಯ ದಿನ ಆಕ್ಸಿಜನ್ ಇಳಿದಿದೆ ಎಂದ ಅಣ್ಣ. ಎಂಟನೆಯ ದಿನ ಗಂಜಿ ಕುಡಿದರಂತೆ ಎಂದ.

ಹದಿಮೂರನೆಯ ದಿನ ಫೋನ್ ಬಂತು. ಅವರದೇ ದನಿ, ಸವೆದುಹೋದ ಹಾಗೆ.

“ಎಂತ ಮಾರಾಯ್ತಿ, ಜ್ವರ ನನಗೆ ಬಂದದ್ದಾ ನಿನಗಾ? ನಿನ್ನ ಅಣ್ಣ ಎಲ್ಲ ಹೇಳಿದ.”

“ಹೇಗಿದ್ದೀರಿ ಫಾದರ್?” ಈ ಸಲ ಅದನ್ನೇ ಮೊದಲು ಕೇಳಿದೆ.

“ಇದ್ದೇನೆ. ಇಗರ್ಜಿ ಮನೆಗೆ ಬಂದೆ. ಇವತ್ತು ಬೆಳಿಗ್ಗೆ ಕೋಣೆಯಲ್ಲೇ ಹತ್ತೊಂಬತ್ತನೆಯದ್ದು ಆಯ್ತು. ಕೂತುಕೊಂಡೇ ಮಾಡಿದೆ. ನನಗೆ ನಿಲ್ಲಲಿಕ್ಕೆ ಆಗುವುದಿಲ್ಲ ಅಂತ ದೇವರಿಗೂ ಗೊತ್ತುಂಟು.”

“ನಡುವೆ ಹನ್ನೆರಡು ದಿನ ತಪ್ಪಿತಲ್ಲ ಫಾದರ್. ಪುನಃ ಒಂದರಿಂದ ಬೇಡವಾ?”

“ಹಾಗೆ ಯಾರು ಹೇಳಿದ್ದು?”

“ಕಾನ್ವೆಂಟಿನ ಸಿಸ್ಟರ್.”

“ಎಂತ ಪಾಠ ಮಾಡುವವರು? ಗಣಿತವಾ?”

“ಹೌದು,” ಎಂದೆ. ನಿಜವಾಗಿಯೂ ಅವರು ಗಣಿತದವರೇ.

ಫಾದರ್ ನಕ್ಕರು. ನಗು ಕೆಮ್ಮಾಯಿತು, ಅದು ನಿಂತ ಮೇಲೆ ಹೇಳಿದರು. “ಕಾಯಿಲೆಯಿಂದ ನಿಂತದ್ದು ತಪ್ಪಿದ ಲೆಕ್ಕ ಅಲ್ಲ ಮಗಾ. ಗುಣವಾದ ಕೂಡಲೇ ಮುಂದುವರಿಸಬೇಕು, ಅಷ್ಟೇ ನಿಯಮ. ಗ್ರೆಗರಿಯ ಕತೆ ನಿನಗೆ ಪೂರ್ತಿ ಗೊತ್ತುಂಟಾ?”

ನನಗೆ ಗೊತ್ತಿದ್ದದ್ದು ಅರ್ಧ. ಗ್ರೆಗರಿ ಇನ್ನೂ ಪೋಪ್ ಆಗಿರಲಿಲ್ಲ, ರೋಮಿನ ಒಂದು ಮಠದಲ್ಲಿದ್ದರು. ಅಲ್ಲಿನ ಸನ್ಯಾಸಿಯೊಬ್ಬ ಮಠದ ನಿಯಮ ಮೀರಿ ಬಂಗಾರದ ನಾಣ್ಯ ಬಚ್ಚಿಟ್ಟುಕೊಂಡು ಸತ್ತ. ಗ್ರೆಗರಿ ಮೊದಲು ಕಠಿಣವಾಗಿ ನಡೆದುಕೊಂಡರು. ಆಮೇಲೆ ಕರುಣೆ ಹುಟ್ಟಿ, ಮೂವತ್ತು ದಿನ ಅವನಿಗಾಗಿ ಪೂಜೆ ಮಾಡಿ ಎಂದರು. ಕೊನೆಗೆ ಸತ್ತವನು ತನ್ನ ತಮ್ಮನಿಗೆ ಕಾಣಿಸಿಕೊಂಡು, ಇಷ್ಟು ದಿನ ಕಷ್ಟವಿತ್ತು, ಈಗ ಸುಖವಾಗಿದ್ದೇನೆ ಎಂದನಂತೆ.

“ಸರಿ. ಆದರೆ ಆ ಮಠದಲ್ಲಿ ಯಾರೂ ದಿನ ಎಣಿಸುತ್ತಾ ಇರಲಿಲ್ಲ, ಗೊತ್ತುಂಟಾ?” ಎಂದರು ಫಾದರ್. “ಅವರಿಗೆ ಬೇರೆ ನೂರು ಕೆಲಸ. ಸತ್ತವನು ಬಂದು ಹೇಳಿದ ಮೇಲೆಯೇ ಕೂತು ಎಣಿಸಿದ್ದು, ಮೂವತ್ತು ಆಗಿತ್ತು. ನಿನ್ನ ಅಮ್ಮನ ಪೂಜೆ ನನಗೆ ಬಿಡು. ನೀನು ಅಡುಗೆ ನೋಡಿಕೋ.”

ಫೋನ್ ಇಟ್ಟು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಅಮ್ಮ ಹೋದ ಮೇಲೆ ಅಂದು ಮೊದಲ ಬಾರಿಗೆ ಬಿಕ್ಕಿಬಿಕ್ಕಿ ಅತ್ತೆ. ಮಗಳು ಬಂದು ಬೆನ್ನು ಸವರಿದಳು. ಅಳು ನಿಂತಾಗ ಬಹಳ ಹಸಿವಾಗಿತ್ತು. ಇಬ್ಬರೂ ಸೇರಿ ಇಡೀ ಪ್ಯಾಕೆಟ್ ಮ್ಯಾಗಿ ಮಾಡಿಕೊಂಡು ತಿಂದೆವು.

ಇನ್ನು ದಿನಾ ಬರೆಯುವುದು ಬೇಡ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಫಾದರಿಗೆ ನಾನೇ ಹೇಳಿ ಕಳಿಸಿದೆ. ಮೊದಲೆರಡು ದಿನ ಒಂಬತ್ತೂವರೆಗೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. ಮತ್ತೆ ಮಗಳ ಪರೀಕ್ಷೆ ಬಂತು, ನೀರಿನ ಪೈಪ್ ಸೋರಿತು, ಎದುರು ಮನೆಯವರಿಗೆ ಲಸಿಕೆ ಹಾಕಿಸಿಕೊಂಡು ಜ್ವರ ಬಂತೆಂದು ಎರಡು ದಿನ ರಸಂ ಮಾಡಿ ಕೊಟ್ಟೆ.

ಒಂದು ಭಾನುವಾರ ಹಬೆಯಲ್ಲಿ ಇಡ್ಲಿಯಂಥ ಸನ್ನ ಬೇಯಿಸುತ್ತಿದ್ದಾಗ ಅಣ್ಣನ ಸಂದೇಶ ಬಂತು: ‘ಮೊನ್ನೆಗೆ ಮೂವತ್ತು ಮುಗಿಯಿತಂತೆ. ಫಾದರ್ ಗಂಜಿ ಸಾಕು, ಮೀನು ಕೊಡಿ ಅನ್ನುತ್ತಿದ್ದಾರೆ.’

ಮೊನ್ನೆ ಬೆಳಿಗ್ಗೆ ಒಂಬತ್ತೂವರೆಗೆ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.