ಹೊಳೆಯ ನಡುವೆ ಎರಡು ದಿನ, ಹಿಂದೊಂದು ಮೊಪೆಡ್ಡು

ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಹೊರಟಾಗಲೇ ಅರ್ಧ ಗಂಟೆ ತಡವಾಗಿತ್ತು. ಹೆಂಗಸರಿಗೆ ಟಿಕೆಟ್ಟು ಉಚಿತ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಫೋಟೋ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿದ. ಅದು ನನಗೆ ಹಿಡಿಸಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಕಿಟಕಿಗೆ ಆನಿಕೊಂಡೆ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಈವರೆಗೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ದೇವಸ್ಥಾನಕ್ಕೆ ಅತ್ತೆಯ ಜೊತೆ, ಮದುವೆಗಳಿಗೆ ಗಂಡನ ಜೊತೆ, ಪ್ರವಾಸಕ್ಕೆ ಶಾಲೆಯ ಮಕ್ಕಳ ಜೊತೆ. ಗಂಡ ತೀರಿಕೊಂಡ ಮೇಲಂತೂ ಮಗಳು ಬೆಂಗಾವಲಾಗಿಬಿಟ್ಟಳು. ಊಟ ಆಯ್ತಾ, ಮಾತ್ರೆ ತಗೊಂಡೆಯಾ, ಬಾಗಿಲು ಹಾಕಿದೆಯಾ ಎಂದು ದಿನಕ್ಕೆ ಎಷ್ಟು ಸಲ ಫೋನು ಬರುತ್ತದೋ ಲೆಕ್ಕವಿಲ್ಲ. ಯಾರೂ ಏನೂ ಕೇಳದ ಎರಡು ದಿನ ಬೇಕಿತ್ತು. ಮೈಸೂರಿನ ಗೆಳತಿಯ ಮನೆಗೆ ಹೋಗುತ್ತೇನೆಂದು ಮಗಳಿಗೆ ಸುಳ್ಳು ಹೇಳಿ, ಎರಡು ದಿನ ಫೋನು ಮಾಡಬೇಡ ಎಂದು ಹೊರಟಿದ್ದೆ.

ಶ್ರೀರಂಗಪಟ್ಟಣ ದ್ವೀಪ ಎಂಬುದನ್ನು ಅಲ್ಲಿ ಹಾದುಹೋಗುವ ನಾವೆಲ್ಲ ಮರೆತಿರುತ್ತೇವೆ. ಮೈಸೂರಿಗೆ ಹೋಗುವಾಗ ಒಂದು ಸೇತುವೆ, ನಡುವೆ ಒಂದು ಊರು, ಮತ್ತೊಂದು ಸೇತುವೆ, ಅಷ್ಟೆ. ಪಶ್ಚಿಮದಲ್ಲಿ ಎರಡಾಗಿ ಒಡೆಯುವ ಕಾವೇರಿ ಊರನ್ನು ಬಳಸಿಕೊಂಡು ಹೋಗಿ ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕೋಟೆಯ ಕಡೆ ಗದ್ದಲ, ಪೂರ್ವಕ್ಕೆ ಹೋದಷ್ಟೂ ಮೌನ ಎಂದು ಕೇಳಿದ್ದರಿಂದ ಗಂಜಾಮಿನಲ್ಲಿ ಕೋಣೆ ಹೇಳಿಟ್ಟಿದ್ದೆ.

ಬಸ್‌ಸ್ಟ್ಯಾಂಡಿನಿಂದ ಆಟೋದವನು ನೂರು ರೂಪಾಯಿ ಕೇಳಿದ. ಎಂಬತ್ತಕ್ಕೆ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದೇ ಅನುಮಾನಕ್ಕೆ ಕಾರಣವಾಗಿ, ದಾರಿಯುದ್ದಕ್ಕೂ ಅವನ ಗಾಡಿಯ ನಂಬರನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಕೂತೆ. ಅವನೋ ಮನೆಯ ಬಾಗಿಲಿಗೇ ತಂದು ಇಳಿಸಿದ.

ಮನೆಯೊಡತಿ ಸಾವಿತ್ರಮ್ಮ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಮಹಡಿಯ ಮೇಲಿನ ಕೋಣೆಯನ್ನು ಯಾತ್ರಿಕರಿಗೆ ಬಾಡಿಗೆಗೆ ಕೊಡುತ್ತಿದ್ದಳು. ನನ್ನ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬೀದಿಯತ್ತ ಇಣುಕಿದಳು.

"ಒಬ್ರೇಯಾ ಮೇಡಮ್ಮೋರೆ?"

"ಹೌದು."

"ಮನೇವ್ರು?"

"ಇಲ್ಲ."

"ಮಕ್ಳು?"

"ಒಬ್ಬಳು ಮಗಳು. ಬೆಂಗಳೂರಲ್ಲಿದ್ದಾಳೆ. ನಾನು ಇಲ್ಲಿರುವುದು ಅವಳಿಗೆ ಗೊತ್ತಿಲ್ಲ."

ಇದನ್ನು ಯಾಕೆ ಹೇಳಿದೆನೋ. ಆಮೇಲೆ, ಹೊಳೆಯ ಹತ್ತಿರ ಜನರಿಲ್ಲದ ಜಾಗ ಯಾವುದು ಎಂದೂ ಕೇಳಿದೆ. ನಮ್ಮ ಕಡೆ ಸರಗಳ್ಳರ ಸುದ್ದಿ ಓದೀ ಓದೀ ಹೆದರಿಕೆ ಹತ್ತಿತ್ತು. ಸುತ್ತಾಡಲು ಹೊರಡುವ ಮುಂಚೆ ಕತ್ತಿನ ಸರ, ಕೈಬಳೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿದೆ. ಕೋಣೆಯ ಚಿಲಕ ನಂಬುವಂತಿರಲಿಲ್ಲ, ಸಾವಿತ್ರಮ್ಮನನ್ನೂ ಪೂರ್ತಿ ನಂಬಲಾರೆ. ಆದರೂ ಬೇರೆ ದಾರಿಯಿಲ್ಲದೆ ಗಂಟನ್ನು ಅವಳ ಕೈಗಿಟ್ಟು, "ಜೋಪಾನ. ಏನಾದರೂ ಹೆಚ್ಚು ಕಡಿಮೆಯಾದರೆ ಮಗಳ ನಂಬರಿಗೆ ಫೋನ್ ಮಾಡಿ" ಎಂದು ನಂಬರು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಬಂಗಾರ ನೋಡಿ ಆಸೆಯಾಗಿರಬೇಕು ಎಂದುಕೊಂಡು, ಗಂಟು ಮತ್ತೆ ಕೈಸೇರುವುದೋ ಇಲ್ಲವೋ ಎಂದು ಯೋಚಿಸುತ್ತಲೇ ನಡೆದೆ.

ಮೊದಲು ದರಿಯಾ ದೌಲತ್. ಮಳೆಗಾಲ ಮುಗಿಯುತ್ತ ಬಂದಿತ್ತು. ತೋಟದ ಹುಲ್ಲು ಒದ್ದೆಯಾಗಿತ್ತು, ಬಿಸಿಲಲ್ಲಿ ಆವಿಯೇಳುತ್ತಿತ್ತು. ಬೇಸಿಗೆ ಅರಮನೆಯ ಗೋಡೆಯ ತುಂಬ ಯುದ್ಧದ ಚಿತ್ರಗಳು, ಸಾಲು ಸಾಲು ಸಿಪಾಯಿಗಳು, ಆನೆ, ಕುದುರೆ. ಎಷ್ಟು ಹೊತ್ತು ನೋಡಿದರೂ ಯಾರೂ "ನಡೀರಿ, ಹೊತ್ತಾಯ್ತು" ಎನ್ನಲಿಲ್ಲ. ಆ ಸುಖದಲ್ಲೇ ಹೊರಬಂದಾಗ ಗೇಟಿನ ಬಳಿ ಒಬ್ಬ ಮುದುಕ ಕಂಡ. ಬಿಳಿ ಪಂಚೆ, ಖಾಕಿ ಬಣ್ಣದ ಶರ್ಟು, ಪಕ್ಕದಲ್ಲಿ ಹಸಿರು ಮೊಪೆಡ್ಡು. ನಾನು ನೋಡಿದೊಡನೆ ಕತ್ತು ಹೊರಳಿಸಿದ.

ಕಬ್ಬಿನ ಹಾಲು ಕುಡಿದು ಗುಂಬಜಿಗೆ ನಡೆದೆ. ಸಮಾಧಿಯ ಮುಂದಿನ ಸೈಪ್ರಸ್ ಮರಗಳ ಸಾಲಿನಲ್ಲಿ ನೆರಳು ತಣ್ಣಗಿತ್ತು. ಕರಿಕಲ್ಲಿನ ಕಂಬಗಳನ್ನು ಸವರುತ್ತ ಒಂದು ಸುತ್ತು ಬಂದರೆ ಆಚೆ ಕಟ್ಟೆಯ ಮೇಲೆ ಅದೇ ಖಾಕಿ ಶರ್ಟು. ಬ್ಯಾಗನ್ನು ಅವುಚಿಕೊಂಡು ಹೊರಬಿದ್ದೆ. ಸಂಜೆ ನಿಮಿಷಾಂಬ ದೇವಸ್ಥಾನದ ಹಿಂದೆ ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಅವನು ಎರಡು ಮೆಟ್ಟಿಲು ಕೆಳಗೇ ಬಂದು ಕುಕ್ಕರಿಸಿದ, ನನಗೂ ನೀರಿಗೂ ಮಧ್ಯೆ. ಥಟ್ಟನೆ ಎದ್ದು ಮನೆಗೆ ಬಂದೆ.

ಸಾವಿತ್ರಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ಉಪ್ಸಾರಿನ ಖಾರ ನಮ್ಮ ಮನೆಯದಕ್ಕಿಂತ ಒಂದು ಕೈ ಮೇಲು. ನನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಎಂದರೆ, "ಊರಲ್ಲಿ ಜನ ಓಡಾಡ್ತಿರ್ತಾರೆ, ಬುಡಿ ಮೇಡಮ್ಮೋರೆ" ಎಂದು ಮಾತು ತೇಲಿಸಿದಳು. ನನ್ನ ಕಣ್ಣು ತಪ್ಪಿಸಿದಳು ಕೂಡ. ಇಬ್ಬರೂ ಸೇರಿಕೊಂಡಿದ್ದಾರೆ ಎಂದು ನನಗೆ ಖಚಿತವಾಯಿತು. ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು ಮಲಗಿದೆ.

ಮರುದಿನ ಬೆಳಿಗ್ಗೆ ಸಂಗಮಕ್ಕೆ ಹೋದೆ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರಿಂದ ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ತೆಪ್ಪಗಳನ್ನು ದಡದಲ್ಲಿ ಕವುಚಿ ಹಾಕಿ ತೆಪ್ಪದವರು ಸುಮ್ಮನೆ ಕೂತಿದ್ದರು. ಎರಡು ಹೊಳೆ ಒಂದಕ್ಕೊಂದು ತಾಗುವ ಕಡೆ ನೀರು ಮಡಿಕೆ ಮಡಿಕೆಯಾಗಿ ಏಳುವುದನ್ನು ಹತ್ತಿರದಿಂದ ನೋಡಲು, ಚಪ್ಪಲಿ ಬಿಟ್ಟು ಮೆಟ್ಟಿಲಿಳಿದೆ. ಪಾದ ಮುಳುಗಿತು. ಇನ್ನೊಂದು ಮೆಟ್ಟಿಲು ಇಳಿಯಬೇಕು, ಹಿಂದಿನಿಂದ ಒಂದು ಕೈ ನನ್ನ ರಟ್ಟೆಯನ್ನು ಬಲವಾಗಿ ಹಿಡಿದು ಎಳೆಯಿತು. ಖಾಕಿ ಶರ್ಟು!

ಕಿಟ್ಟನೆ ಕಿರುಚಿದೆ. ತೆಪ್ಪದವರು ಓಡಿ ಬಂದರು. "ನಿನ್ನೆಯಿಂದ ನನ್ನ ಹಿಂದೆ ಬಿದ್ದಿದ್ದಾನೆ, ಈಗ ಮೈಮೇಲೆ ಕೈಹಾಕಿದ" ಎಂದು ಕೂಗಿದೆ. ಒಬ್ಬ ಅವನ ಕೊರಳಪಟ್ಟಿಗೆ ಕೈಹಾಕಿದ. ಶರ್ಟಿನ ಹೊಲಿಗೆ ಪರ್ರೆಂದು ಬಿಟ್ಟಿತು.

"ಚನ್ನಪ್ಪಣ್ಣ! ಏನ್ಲಾ ಇದು, ಈ ವಯಸ್ಸಲ್ಲಿ? ನಾಚ್ಕೆ ಆಗಾಕಿಲ್ವೇನ್ಲಾ?"

ಅವನನ್ನು ಅವರೆಲ್ಲ ಬಲ್ಲರು. ಅದರಿಂದ ಮಾತು ಇನ್ನೂ ಹರಿತವಾಯಿತು. ಚನ್ನಪ್ಪ ಬಾಯಿ ಬಿಡಲಿಲ್ಲ. ಅಷ್ಟು ಜನ ಬೈಯುತ್ತಿದ್ದರೂ ಅವನ ಕಣ್ಣು ನನ್ನ ಪಾದದ ಮೇಲೇ ಇತ್ತು.

"ಮೊದ್ಲು ನೀವು ಮೆಟ್ಲಿಂದ ಮ್ಯಾಕೆ ಬನ್ನಿ ಅವ್ವ," ಎಂದ ಮೆಲ್ಲಗೆ. "ಮಿಕ್ಕಿದ್ದು ಆಮ್ಯಾಕೆ."

ನಾನು ಮೇಲೆ ಬಂದೆ. ಅವನು ಪಂಚೆ ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ಮೊಪೆಡ್ಡು ತಳ್ಳಿಕೊಂಡು ಹೋದ.

ಮನೆಗೆ ಬಂದವಳೇ ಗಂಟು ಕೊಡು ಎಂದು ಸಾವಿತ್ರಮ್ಮನ ಮುಂದೆ ಕೈಚಾಚಿದೆ. ನಡೆದದ್ದನ್ನು ಹೇಳಿದೆ. ಅವಳು ದೇವರ ಕೋಣೆಯಿಂದ ಗಂಟು ತಂದು ಕೈಗಿಟ್ಟು, ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟಳು.

"ನಾನೇ ಕಳ್ಸಿದ್ದು ಮೇಡಮ್ಮೋರೆ. ಅವ್ರು ನನ್ ಭಾವ. ಹಿಂದೆ ಒಬ್ರು ಇಂಗೇ ಒಂಟಿಯಾಗಿ ಬಂದಿದ್ರು, ನಿಮ್ ರೂಮಲ್ಲೇ ಇದ್ರು. ಒಡವೆ ನನ್ ಕೈಗೆ ಕೊಟ್ಟು, ದೇವ್ರಿಗೆ ಹೋಗ್ಬತ್ತೀನಿ ಅಂದ್ರು. ಹೊಳೇಲಿ ಸಿಕ್ಕಿದ್ರು. ನೀವೂ ಅಂಗೇ ಕೊಟ್ರಲ್ಲ, ನನ್ ಜೀವವೇ ಹೋದಂಗಾಯ್ತು. ನಿಮ್ ಮಗಳಿಗೆ ರಾತ್ರಿಯೆಲ್ಲ ಫೋನ್ ಮಾಡ್ದೆ, ಅವ್ರು ಎತ್ಲೇ ಇಲ್ಲ."

ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ಮಗಳಿಗೆ ಕಲಿಸಿದವಳು ನಾನೇ.

"ನನ್ನನ್ನೇ ಕೇಳಬಹುದಿತ್ತಲ್ಲಮ್ಮ?"

"ಆವತ್ತು ಬಂದಿದ್ರಲ್ಲ, ಅವ್ರನ್ನ ಕೇಳಿದ್ದೆ. ಅಂತಾದ್ದೇನೂ ಇಲ್ಲ ಅಂತ ನಕ್ಕಿದ್ರು."

ಗಂಟನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಚನ್ನಪ್ಪನ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಹರಿದ ಶರ್ಟಿನಲ್ಲೇ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆದರೆ ಕೂರಿ ಎನ್ನಲಿಲ್ಲ.

"ಅಷ್ಟು ಜನರ ಮುಂದೆ ಯಾಕೆ ಹೇಳಲಿಲ್ಲ ಯಜಮಾನರೇ?" ಎಂದೆ.

"ಏನಂತ ಹೇಳಾನ? ಈ ಯಮ್ಮ ಸಾಯಾಕ್ ಬಂದವ್ರೆ ಅಂತಲಾ? ನಾಳೆ ನಿಮ್ಮೂರಿಗೆ ಮಾತು ಮುಟ್ಟಾಕಿಲ್ವ?" ಎಂದವರು ಶರ್ಟಿನ ಹರುಕನ್ನು ಮುಟ್ಟಿ ನೋಡಿಕೊಂಡು, "ನನಗೂ ಸಿಟ್ಟು ಬಂದದೆ ಕಣವ್ವ. ಇಲ್ಲ ಅನ್ನಾಕಿಲ್ಲ. ಆ ಹೈಕ್ಳು ನಾನ್ ಎತ್ತಿ ಆಡಿಸಿದ್ ಹೈಕ್ಳು" ಎಂದರು.

ಕ್ಷಮಿಸಿ ಎಂದರೆ ಸಾಲುವ ಮಾತಲ್ಲ ಅದು. "ಇನ್ನೊಂದು ಸಲ ನನ್ನ ಜೊತೆ ಸಂಗಮಕ್ಕೆ ಬರುತ್ತೀರಾ?" ಎಂದು ಕೇಳಿದೆ. ಅವರ ಹುಬ್ಬು ಗಂಟಿಕ್ಕಿತು. "ಅಲ್ಲಿಗ್ಯಾಕೆ?" ನೀರಿಗಲ್ಲ, ತೆಪ್ಪದವರ ಹತ್ತಿರ ಎಂದ ಮೇಲೆ, ಒಲ್ಲದ ಮನಸ್ಸಿನಿಂದ ಹೊರಟರು. ಆಟೋದಲ್ಲಿ ಹೋದೆವು. ತೆಪ್ಪದವರೆಲ್ಲ ಅಲ್ಲೇ ಇದ್ದರು. ಇವರನ್ನು ಕಂಡು ಒಬ್ಬ ಎದ್ದು ಬೇರೆ ಕಡೆ ಹೊರಟ. ಅವನನ್ನೂ ಕರೆದು ನಿಲ್ಲಿಸಿದೆ.

"ನಾನು ನಾಗಮಂಗಲದವಳು, ಮೇಷ್ಟ್ರು ಕೆಲಸ ಮಾಡಿದವಳು" ಎಂದು ಶುರುಮಾಡಿದೆ. "ನಾನು ಹೊಳೆಗೆ ಬೀಳುತ್ತೇನೆ ಅಂತ ಹೆದರಿ ಇವರು ನಿನ್ನೆಯಿಂದ ನನ್ನನ್ನು ಕಾದಿದ್ದಾರೆ. ನನ್ನ ಮಾನಕ್ಕೆ ಅಂಜಿ ನಿಮ್ಮೆದುರು ಬಾಯಿ ಬಿಡಲಿಲ್ಲ. ತಪ್ಪು ತಿಳಿದವಳು ನಾನು. ಬೈಯುವುದಿದ್ದರೆ ನನ್ನನ್ನು ಬೈಯಿರಿ."

ಯಾರೂ ಬೈಯಲಿಲ್ಲ. ಕೊರಳಪಟ್ಟಿ ಹಿಡಿದಿದ್ದವನು ಚನ್ನಪ್ಪನವರ ಶರ್ಟಿನ ಹರುಕನ್ನು ನೋಡಿ, "ಒಂದ್ ಮಾತ್ ಹೇಳಾದಲ್ವೇನಣ್ಣ" ಎಂದ. "ಹೇಳಾಕ್ ಬುಟ್ರಾ ನೀವು?" ಎಂದರು ಚನ್ನಪ್ಪ. ಆಮೇಲೆ ಅವನೇ ಚಹಾ ತರಿಸಿದ. ಹೊಳೆಗೆ ಬೆನ್ನು ಹಾಕಿ ಎಲ್ಲರೂ ಕುಡಿದೆವು. ಚನ್ನಪ್ಪನವರು ಮಾತ್ರ ನೀರಿಗೆ ಮುಖ ಮಾಡಿ, ನನ್ನಿಂದ ಒಂದು ಮಾರು ದೂರದಲ್ಲಿ ಕೂತಿದ್ದರು.

"ಈಗಲೂ ನಂಬಿಕೆ ಬರಲಿಲ್ಲವೇ?" ಎಂದೆ.

"ನೀವು ಸುಮ್ಕೆ ನೋಡಾಕ್ ಬಂದ್ರಿ ಅಂತೀರಿ. ಒಬ್ರೇ. ಮಗಳಿಗೂ ಹೇಳ್ದೆ." ತಲೆಯಾಡಿಸಿದರು. "ಬಸ್ ಹತ್ತಿಸಿದ್ ಮ್ಯಾಕೆ ನಂಬ್ತೀನಿ."

ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಬಂದು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಇಳಿಯುವಾಗ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಅವನು ನನ್ನತ್ತ ನೋಡಿ ಗಂಭೀರವಾಗಿ ತಲೆಯಾಡಿಸಿದ. ಬಸ್ಸು ಉತ್ತರದ ಸೇತುವೆಗೆ ಬಂದಾಗ ಅದೇ ಕೆಂಪು ನೀರು ಕೆಳಗೆ ಕಂಡಿತು. ನೋಡಲು ಕಿಟಕಿಯಿಂದ ಸ್ವಲ್ಪ ಬಾಗಿದೆ. "ತಲೆ ಒಳಗೆ ಮೇಡಂ!" ಎಂದು ಹಿಂದಿನಿಂದ ಕೂಗು ಬಂತು.

ಪಾಂಡವಪುರದಲ್ಲಿ ಬಸ್ಸು ನಿಂತಾಗ ಇಳಿಯಲು ಎದ್ದೆ. ಕಂಡಕ್ಟರು ಬಾಗಿಲಿಗೆ ಅಡ್ಡ ಬಂದ.

"ನಾಗಮಂಗಲ ಇನ್ನೂ ದೂರ ಅದೆ. ಎಲ್ಲಿಗೋಗ್ತೀರಿ?"

"ಶೌಚಾಲಯಕ್ಕೆ ಕಣಪ್ಪ."

ಅವನು ಎರಡು ಕ್ಷಣ ನನ್ನ ಮುಖ ನೋಡಿದ. "ಬ್ಯಾಗು ಸೀಟಲ್ಲೇ ಇರ್ಲಿ" ಎಂದ. ಬಸ್ ಹತ್ತಿದ ಮೊದಲ ದಿನದಿಂದ ಕೈಬಿಡದಿದ್ದ ಬ್ಯಾಗನ್ನು ಗುರುತಿಲ್ಲದ ಜನರ ನಡುವೆ ಬಿಟ್ಟು ಇಳಿದೆ. ಹಿಂದಿರುಗಿ ಬರುವಾಗ ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ, ಪ್ರಯಾಣಿಕರು ಗೊಣಗುತ್ತಿದ್ದರು. ಕಂಡಕ್ಟರು ಮಾತ್ರ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡು ಶೌಚಾಲಯದ ದಾರಿಯನ್ನೇ ನೋಡುತ್ತ ನಿಂತಿದ್ದ. ನಾನು ಹತ್ತಿ ಕೂತ ಮೇಲೆಯೇ ಅವನು ಸೀಟಿ ಊದಿದ್ದು.