ದ್ಯಾಮಣ್ಣ ಮೊದಲೇ ಹೇಳಿದ್ದ

ನನ್ನ ಗೆಳೆಯ ದ್ಯಾಮಣ್ಣ ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ತೀರಿಕೊಂಡ. ಕನ್ನಡ ಸಂಘದ ಪತ್ರಿಕೆಯವರು ಫೋನ್ ಮಾಡಿ, "ಅವ್ರು ಕಂಪ್ಯೂಟರ್ ಭವಿಷ್ಯ ಹೇಳ್ತಿದ್ರಲ್ಲ ಸರ್, ಅದನ್ನೇ ಬರ್ದುಕೊಡಿ" ಎಂದರು. ಅದನ್ನು ಬರೆಯುತ್ತೇನೆ. ಆದರೆ ಅಲ್ಲಿಗೆ ನಿಲ್ಲಿಸಲಾರೆ.

ಅವನು ಹುಬ್ಬಳ್ಳಿಯವನು, ನಾನು ಬೆಂಗಳೂರಿನವನು. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಿ ಸಿಡ್ನಿಗೆ ಬಂದ ಹೊಸದರಲ್ಲಿ ಇಬ್ಬರೂ ಒಂದು ಹಳೆಯ ಮನೆಯ ಹಿಂಬದಿಯ ಕೋಣೆಯಲ್ಲಿದ್ದೆವು. ಆಮೇಲೆ ನಾನು ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಕಟ್ಟಿಸಿದೆ. ಅವನು ಸಂಧ್ಯಾರಾಣಿಯನ್ನು ಮದುವೆಯಾಗಿ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಹೋದ. ರೇಡಿಯೋ ಸ್ಟೇಷನ್ನುಗಳಿಗೆ ಧ್ವನಿ ಜೋಡಿಸುವ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಯಾವ ಹೊಸ ಯಂತ್ರ ಬಂದರೂ ಅದರಲ್ಲಿ ತಮ್ಮ ಹಳೆಯ ಪ್ರೋಗ್ರಾಮು ಓಡುತ್ತದೆಯೇ ಎಂದು ನೋಡುವುದು ಅವನ ಪಾಲಿನದು.

ಎಲ್ಲರೂ ಕಂಪ್ಯೂಟರ್ ಕಂಪನಿ ಹೊಸದಾಗಿ ಏನು ತಂದಿತು ಎಂದು ನೋಡುತ್ತಿದ್ದರೆ, ಅವನು ಅದು ಸದ್ದಿಲ್ಲದೆ ಏನನ್ನು ತೆಗೆಯಿತು ಎಂದು ನೋಡುತ್ತಿದ್ದ. ಒಂದು ಯುಗಾದಿಯ ಊಟದ ಹೊತ್ತು, ಪಾಯಿಂಟ್ ಕುಕ್‌ನ ಸಮುದಾಯ ಭವನದಲ್ಲಿ, ಹೋಳಿಗೆ ಎಲೆಯ ಪಕ್ಕದಲ್ಲೇ ಯಾರದೋ ಕೆಟ್ಟ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಅದನ್ನು ಮಾಡಿದ ಕಂಪನಿ ಇಷ್ಟು ವರ್ಷ ಬಳಸಿದ ಚಿಪ್ಪನ್ನು ಕೈಬಿಟ್ಟು ತನ್ನ ಫೋನಿನ ಚಿಪ್ಪಿನ ಜಾತಿಗೆ ಹೋಗುತ್ತದೆ ಎಂದ. ಆದರ್ಶ್ ಎಂಬ ಹುಡುಗ, ಅವನೂ ಎಂಜಿನಿಯರೇ, ಜೋರಾಗಿ ನಕ್ಕ.

"ಅಂಕಲ್, ಅದು ಫೋನ್ ಚಿಪ್! ಸ್ಕೂಟಿ ಎಂಜಿನ್ ಹಾಕಿ ಬಸ್ ಓಡ್ಸಕ್ಕಾಗತ್ತಾ?"

"ಅಲ್ಲೋ ತಮ್ಮಾ, ಫೋನಿಗೆ ಅಷ್ಟು ಜೋರ್ ಚಿಪ್ ಯಾಕ ಬೇಕು? ನಿನ್ನ ಮಾರಿ ಫೋಟೊದಾಗ ಚಂದ ಕಾಣಾಕೇನು? ಅದು ಫೋನಿಗಂತ ಮಾಡಿದ್ದಲ್ಲ, ತಾಲೀಮು ನಡಸ್ಯಾರ. ಇತ್ತಾಗ ಹಳೇ ಪ್ರೋಗ್ರಾಮಿಗೆಲ್ಲ ಒಂದೊಂದ ಬಾಗಲಾ ಹಾಕಾಕತ್ತಾರ. ಮನಿ ಬಿಡೋರು ಹಿಂಗ ಮಾಡ್ತಾರ. ಬರೋ ವರ್ಷ ಹೇಳ್ತಾರ, ನೋಡ್ತಿರು."

"ಹೇಳ್ಲಿಲ್ಲಾ ಅಂದ್ರೆ?"

"ನಿನ್ನ ಲ್ಯಾಪ್‌ಟಾಪ್ ಜನ್ಮಾನುಗಟ್ಲೆ ಪುಕ್ಕಟೆ ರಿಪೇರಿ. ಈಗೂ ಪುಕ್ಕಟೆನ ಮಾಡಾಕತ್ತೇನಿ, ಅದು ಬ್ಯಾರೆ ಮಾತು."

ಮರುವರ್ಷ ಕೋವಿಡ್ಡಿಗೆ ಮೆಲ್ಬರ್ನ್ ಬಾಗಿಲು ಹಾಕಿಕೊಂಡಿದ್ದಾಗ ಕಂಪನಿ ಅದನ್ನೇ ಹೇಳಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅವನಿಗೆ ಜ್ಯೋತಿಷಿಗಳೇ ಎಂದು ಕೈ ಮುಗಿದರು.

ರಾಜ್ಯಗಳ ಗಡಿ ತೆರೆದ ಮೇಲೆ ನಾನು ಹೋದಾಗ ಆ ಹೊಸ ಯಂತ್ರ ಅವನ ಮೇಜಿನ ಮೇಲಿತ್ತು. ಅದರಲ್ಲಿ ಒಳಗೆ ಗುಂಯ್‌ಗುಡುವ ತಂಪಿನ ಫ್ಯಾನ್ ಇರಲಿಲ್ಲ. ಕಿವಿ ಹಚ್ಚಿ ನೋಡು ಎಂದ. ಹಚ್ಚಿದೆ. ಸತ್ತಂತಿತ್ತು, ಆದರೆ ಕೆಲಸ ಮಾಡುತ್ತಿತ್ತು. ಹಳೆಯ ಚಿಪ್ಪಿಗೆಂದು ತಾನು ಬರೆದ ಪ್ರೋಗ್ರಾಮನ್ನು ತೆರೆದ. ಒಂದು ಕ್ಷಣ ತಡೆಯಿತು, ಆಮೇಲೆ ಮೊದಲಿನಂತೆಯೇ ಓಡಿತು. ಒಳಗೆ ಒಬ್ಬ ಅನುವಾದಕ ಕೂತು ಹಳೆಯ ಮಾತನ್ನೆಲ್ಲ ಹೊಸ ಚಿಪ್ಪಿಗೆ ತಿಳಿಯುವಂತೆ ಬದಲಿಸಿ ಕೊಡುತ್ತಾನೆ ಎಂದು ವಿವರಿಸಿದ.

"ಈ ಪ್ರೋಗ್ರಾಮಿಗೆ ನೀ ಯಾವ ಚಿಪ್ಪಿನ ಮ್ಯಾಲೆ ಅದೀ ಅಂತ ಕೇಳಿದ್ರ ಹಳೇದರ ಹೆಸರನ್ನ ಹೇಳ್ತೈತಿ," ಎಂದ. "ಸುಳ್ಳು ಹೇಳಂಗಿಲ್ಲೋ ದಿವಾಕರ. ಅದಕ್ಕ ಗೊತ್ತ ಇಲ್ಲ. ತಾ ಇನ್ನೂ ಹಳೇ ಮನ್ಯಾಗ ಅದೀನಿ ಅಂತ ತಿಳಕೊಂಡೈತಿ."

ಹೊರಗೆ ಬಿಸಿಲಿತ್ತು. ಸಂಧ್ಯಾರಾಣಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನನಗೆ ಆ ಯಂತ್ರದ ಬಳಿಯಿಂದ ಎದ್ದು ಅವಳಿದ್ದ ಕಡೆಗೆ ಹೋಗಬೇಕೆನ್ನಿಸಿತು, ಹೋದೆ.

ಕಳೆದ ವರ್ಷ ಅವನು ತನ್ನ ಬಗ್ಗೆಯೇ ಅಂಥದೊಂದನ್ನು ಗಮನಿಸಿದ. ಡಾಕ್ಟರುಗಳಿಗಿಂತ ಮೊದಲು, ಸಂಧ್ಯಾರಾಣಿಗಿಂತಲೂ ಮೊದಲು. ಫೋನಿನಲ್ಲಿ ನನ್ನ ಹೆಸರು ಹೇಳುವ ಮುಂಚೆ ಸಣ್ಣದೊಂದು ತಡೆ. "ನಡುವ ಯಾರೋ ನಿಂತಾರಲೇ," ಎಂದ. ನಾನು ವಯಸ್ಸಾಯ್ತು ಬಿಡೋ ಎಂದೆ. ಸ್ಕ್ಯಾನ್ ಮಾಡಿಸಿದಾಗ ಮೆದುಳಿನಲ್ಲಿ ಗೆಡ್ಡೆ ಇತ್ತು. ತೆಗೆಯಲು ಬರುವ ಜಾಗದಲ್ಲಿರಲಿಲ್ಲ. ಅದು ಬೆಳೆದಂತೆ ಮನುಷ್ಯನೇ ಬದಲಾಗಬಹುದು ಎಂದರು ಡಾಕ್ಟರು.

ಚಿಕಿತ್ಸೆಗೆ ಹತ್ತಿರವಾಗಲೆಂದು ಬಾಕ್ಸ್ ಹಿಲ್‌ನ ಆಸ್ಪತ್ರೆಯ ಪಕ್ಕ ಒಂದು ಅಪಾರ್ಟ್‌ಮೆಂಟ್ ರೆಂಟಿಗೆ ಹಿಡಿದರು. ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವನು ಇನ್ನೂ ನಗುತ್ತಿದ್ದ, ನಗಿಸುತ್ತಿದ್ದ. ಸಂಧ್ಯಾರಾಣಿ ರೊಟ್ಟಿ ಬಡಿಯುತ್ತಿದ್ದಳು. ತಿರುಗದೆಯೇ ಕೇಳಿದಳು.

"ಮುಂದ ನೀವು ನೀವ ಅದೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

"ಭಾಳ ಸರಳ," ಎಂದ. "ಯಾರೂ ಕೇಳದಂಥಾ ಒಂದ್ ಮಾತು ಕೇಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನ ಮತ್ತ ಕೇಳು. ಮನಶಾ ಎರಡನೇ ಸಲ ಬ್ಯಾರೆ ಹೇಳ್ತಾನ, ಇಲ್ಲಾಂದ್ರ ಎಷ್ಟ್ ಸಲ ಕೇಳ್ತಿ ಅಂತ ಬೈತಾನ. ಅನುವಾದದವ ಹಂಗಲ್ಲ. ಮೊದಲನೇ ಸಲ ತಡಾ ಮಾಡ್ತಾನ, ಯಾಕಂದ್ರ ಆಗ ಬದಲಸ್ತಿರ್ತಾನ. ಬದಲಸಿದ್ದನ್ನ ತೆಗೆದಿಟ್ಟಿರ್ತಾನ. ಎರಡನೇ ಸಲ ಅದನ್ನ ಎತ್ತಿ ಕೊಡ್ತಾನ, ಸರ್ರನ."

"ಇಂಥಾ ಮಾತು ಆಡಬ್ಯಾಡ್ರಿ."

"ಆಡಿ ಮುಗಸ್ತೀನಿ ಕೇಳು. ಆ ದಿನಾ ಬಂತಂದ್ರ ನನ್ನ ಮನ್ಯಾಗ ಇಟಗೋಬ್ಯಾಡ. ಸಾಯೋರನ್ನ ನೋಡ್ಕೊಳ್ಳೋ ಜಾಗ ಅದಾವಲಾ, ಅಲ್ಲಿಗೆ ಕಳಿಸು. ಅಪರಿಚಿತನ ಉಚ್ಚಿ ಬಳ್ಯಾಕಂತ ನಿನ್ನ ನಾ ಲಗ್ನ ಆಗಿಲ್ಲ. ದಿವಾಕರ, ನೀ ಸಾಕ್ಷಿ."

ಅವಳು ಕಣ್ಣೀರು ಹಾಕಲಿಲ್ಲ. ರೊಟ್ಟಿ ಮಗುಚಿ ಹಾಕಿ, "ಆತ್ರಿ" ಎಂದಳು. ಅವನು ಮಾತು ಕೊಡು ಎಂದು ಕೈಯಲ್ಲಿ ಕೈ ಇಡಿಸಿಕೊಂಡ.

ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಅವನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದ, ಸ್ವಚ್ಛವಾಗಿ ಕ್ಷೌರ ಮಾಡಿಸಿದ್ದರು. ಕೆಳಗೆ ಟ್ರಾಮ್ ತಿರುಗುವ ಸದ್ದು ಬರುತ್ತಿತ್ತು. ಮರುದಿನ ನರ್ಸ್ ಬರುವವಳಿದ್ದಳು. ಅವನನ್ನು ಮನೆಯಲ್ಲೇ ಇಟ್ಟುಕೊಳ್ಳುವುದೋ, ಕಳಿಸುವುದೋ, ಸಂಧ್ಯಾರಾಣಿ ಹೇಳಬೇಕಿತ್ತು. ಅವಳು ಒಂದು ಪ್ರಶ್ನೆಯನ್ನು ಎರಡು ಸಲ ಕೇಳದ ಹಾಗೆ ಬಹಳ ಎಚ್ಚರದಿಂದ ಬದುಕುತ್ತಿದ್ದಾಳೆಂದು ನನಗೆ ಆಗ ತಿಳಿದಿರಲಿಲ್ಲ. ಚಹಾ ಬೇಕೇ ಎಂದೂ ಕೇಳುತ್ತಿರಲಿಲ್ಲ, ತಂದಿಡುತ್ತಿದ್ದಳು.

ಅವಳು ಅಡುಗೆಮನೆಯಲ್ಲಿದ್ದಾಗ ನಾನು ಕೇಳಿದೆ, "ನಾವಿಬ್ರೂ ಸಿಡ್ನಿಯಲ್ಲಿ ಮೊದಲು ಇದ್ದ ರೂಮು ನೆನಪಿದೆಯೇನೋ?"

ಅವನು ನನ್ನನ್ನು ನೋಡುತ್ತ ಕೂತ. ಎರಡು ಟ್ರಾಮ್ ಹೋದವು. ಕೇಳಿಸಲಿಲ್ಲವೇನೋ ಅಂದುಕೊಂಡೆ.

"ಹಸಿರು ಬಾಗಲಾ," ಎಂದ ಕೊನೆಗೆ. ಒಣ ಕೆಮ್ಮು ಬಂತು. "ಒದ್ದರ ಮಾತ್ರ ತಗೀತಿತ್ತು." ಎಡಗಡೆಯ ತುಟಿ ಮಾತ್ರ ನಕ್ಕಿತು.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇವನು ಇದ್ದಾನೆ, ಎಲ್ಲವೂ ಇದೆ! ಅವಳು ತಟ್ಟೆ ಹಿಡಿದು ಹೊರಗೆ ಬಂದಾಗ ಅವಳಿಗೂ ಕೇಳಿಸಲೆಂದು, ಏನೂ ಯೋಚಿಸದೆ ಅಂದೆ: "ಸಂಧ್ಯಾ, ಕೇಳಿಲ್ಲಿ. ಹೇಳೋ, ಸಿಡ್ನಿಯಲ್ಲಿ ಮೊದಲು ಇದ್ದ ರೂಮು ನೆನಪಿದೆಯೇನೋ?"

"ಹಸಿರು ಬಾಗಲಾ." ನನ್ನ ಮಾತು ಮುಗಿಯುವ ಮುಂಚೆಯೇ ಬಂತು. ಒಣ ಕೆಮ್ಮು, ಅದೇ ಜಾಗದಲ್ಲಿ. "ಒದ್ದರ ಮಾತ್ರ ತಗೀತಿತ್ತು." ಎಡಗಡೆಯ ತುಟಿ ಮೇಲೆ ಹೋಗಿ, ಮೊದಲು ನಿಂತಷ್ಟೇ ಹೊತ್ತು ನಿಂತು ಇಳಿಯಿತು.

ರೋಗ ಹಾಗೆ ಮಾಡಿಸುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಇರಬಹುದು. ಅವರು ಆ ಕೋಣೆಯಲ್ಲಿ ಇರಲಿಲ್ಲ.

ಸಂಧ್ಯಾರಾಣಿ ಮೊದಲನೆಯ ಉತ್ತರವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅದು ಅವಳ ಮುಖದಲ್ಲೇ ಇತ್ತು. ತಟ್ಟೆ ಕೆಳಗಿಟ್ಟು ಅವನ ಎದುರು ಸ್ಟೂಲು ಎಳೆದು ಕೂತಳು. ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸತೊಡಗಿದಳು.

"ಸಂಧ್ಯಾ," ಎಂದೆ, "ಅವನು ಹೇಳಿದ್ದ..."

"ಹೇಳಿದವ್ರು ಹೋದ್ರಣ್ಣಾ," ಎಂದಳು. ತಲೆ ಎತ್ತಲಿಲ್ಲ. "ನಾಳೆ ನರ್ಸ್ ಬಂದ್ರ ಎಲ್ಲಿಗೂ ಕಳಸಂಗಿಲ್ಲ ಅಂತ ಹೇಳ್ತೀನಿ. ಇವ್ರು ಯಾರರೆ ಇರವಲ್ರ್ಯಾಕ. ಹಸಿವಾಗಿರ್ತೈತಿ."

ತುತ್ತು ಬಾಯಿಯ ಬಳಿ ಹಿಡಿದಳು. ಅವನು ಅದನ್ನು ತಿಂದ. ನಿಧಾನಕ್ಕೆ ಅಗಿದು ನುಂಗಿ, ಮೊದಲ ಸಲ ಬಂದ ಮನೆಯಲ್ಲಿ ಊಟಕ್ಕೆ ಕೂತವರ ಸಂಕೋಚದಿಂದ ಅವಳನ್ನು ನೋಡಿ ಕೇಳಿದ:

"ನಿಮ್ಮದು ಊಟಾ ಆತೇನ್ರಿ?"

"ಆಗ್ತೈತ್ರಿ," ಎಂದಳು ಸಂಧ್ಯಾರಾಣಿ. "ನೀವು ಉಣ್ರಿ."